ಸಿ.ಡಿ. ಇಲ್ಲದೆ ನಮ್ಮ ಸಂಘದ ಕಂಪ್ಯೂಟರ್‌ಗಳು ಶುರುವಾದ ಬಗೆ

(ಬೆಳ್ಳಿಹಬ್ಬದ ಅಂಗವಾಗಿ ಸಂತಪುರದಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಭೆ ಅಂದಮೇಲೆ ಸಹಕಾರ ತತ್ವದ ಮೇಲೆ ಮಾತಾಡಬೇಕು, 1905 ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ್ದರಿಂದ ಶುರು ಮಾಡಬೇಕು ಎಂಬುದು ರೂಢಿ. ಅದನ್ನು ನಮಗಿಂತ ಚೆನ್ನಾಗಿ ಹೇಳುವವರು ವೇದಿಕೆಯ ಮೇಲೆ ಇದ್ದಾರೆ. ನಮಗೆ ಅಧ್ಯಕ್ಷರು ಕೊಟ್ಟ ಕೆಲಸ ಬೇರೆ. “ಆ ಕಂಪ್ಯೂಟರಿಂದು ನೀವೇ ಹೇಳ್ರಿ, ಮಂದಿ ದಿನಾ ಕೇಳ್ತಾರ” ಅಂದರು. ನಾವು ಎಸ್ಸೆಸ್ಸೆಲ್ಸಿ ಓದಿದವರು, ತೊಗರಿ ಸೋಯಾ ಬೆಳೆಯುವವರು. ಆದರೂ ಆ ನಾಲ್ಕು ದಿನ ಕಂಪ್ಯೂಟರ್ ಮುಂದೆ ಕೂತು ಪ್ರತಿಯೊಂದನ್ನೂ ಕೇಳಿ, ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇವೆ. ಆ ಬರಹದ ಆಧಾರದ ಮೇಲೆ ಹೇಳುತ್ತೇವೆ.

ಮೊದಲು ಯಾಕೆ ಈ ಉಸಾಬರಿ ಬಂತು ಅನ್ನೋದು ತಿಳೀಬೇಕು. ಬೆಳ್ಳಿಹಬ್ಬಕ್ಕೆ ಮೊದಲ ವರ್ಷಗಳ ಸದಸ್ಯರ ಯಾದಿ ಮಾಡಿ ಅವರ ಷೇರು ಪತ್ರ ಹೊಸದಾಗಿ ಕೊಡಬೇಕು ಅಂತ ಮಂಡಳಿ ಠರಾವು ಮಾಡಿತು. ಕಪಾಟು ತೆಗೆದು ನೋಡಿದರೆ ಹಳೇ ಷೇರು ಖಾತೆ ಪುಸ್ತಕಕ್ಕೆ ಒರಲಿ ಹತ್ತಿತ್ತು. ಮೇಲಿನ ರಟ್ಟು ಸರಿ ಇದೆ, ಒಳಗೆ ಬರೀ ಮಣ್ಣು. ಎರಡು ಪುಸ್ತಕ ಪೂರಾ ಹೋಗಿವೆ. ಆ ಪುಸ್ತಕದಲ್ಲಿ ಇದ್ದವರು ಮುನ್ನೂರು ಮಂದಿಗೂ ಮೇಲೆ. ಕೆಲವರ ಹತ್ತಿರ ರಸೀದಿ ಇದೆ, ಹೆಚ್ಚಿನವರ ಹತ್ತಿರ ಇಲ್ಲ. ಕೆಲವರು ತೀರಿಕೊಂಡಿದ್ದಾರೆ, ಅವರ ಮನೆಯ ಹೆಣ್ಣುಮಕ್ಕಳು ಬಂದು “ನಮ್ಮವರು ರೊಕ್ಕ ಕಟ್ಟಿದ್ದರು, ನಮಗ ಗೊತ್ತದ” ಅನ್ನುತ್ತಾರೆ. ಅವರಿಗೆ ಏನಂತ ಹೇಳೋದು? ಪುಸ್ತಕ ಇಲ್ಲದೆ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಕೇಳುತ್ತಾರೆ. ಕೊಡದಿದ್ದರೆ ಬಡವರ ರೊಕ್ಕ ಮುಳುಗಿಸಿದ ಹಾಗಾಗುತ್ತದೆ.

ಆಗ ಹಿಂದಿನ ಕಾರ್ಯದರ್ಶಿಗಳು ಒಂದು ಮಾತು ನೆನಪು ಮಾಡಿದರು. 2005 ರಲ್ಲಿ ಸಂಘ ಒಂದು ಕಂಪ್ಯೂಟರ್ ತಗೊಂಡಿತ್ತು. ಅದರಲ್ಲಿ ಆ ಎರಡೂ ಪುಸ್ತಕದ ಹೆಸರುಗಳನ್ನು ಅವರು ಕೂತು ಟೈಪ್ ಮಾಡಿಸಿದ್ದರು. ಆ ಕಂಪ್ಯೂಟರ್ ಗೊಬ್ಬರದ ಗೋದಾಮಿನ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ ಇತ್ತು. ತಂದು ಒರೆಸಿ ಕರೆಂಟು ಕೊಟ್ಟರೆ ಫ್ಯಾನು ತಿರುಗಿತು, ಪರದೆ ಬೆಳಗಿತು, ವಿಂಡೋಸ್ ಎಕ್ಸ್‌ಪಿಯ ಗುರುತು ಬಂತು, ಆಮೇಲೆ ನೀಲಿ ಪರದೆ. ಮತ್ತೆ ಹಚ್ಚಿದರೆ ಮತ್ತೆ ಅದೇ ನೀಲಿ. ಸಿ.ಡಿ. ಹಾಕುವ ಖಾನೆ ತೆರೆಯುವುದೇ ಇಲ್ಲ. ಪೆನ್‌ಡ್ರೈವಿನಿಂದ ಶುರುವಾಗುವ ವಿದ್ಯೆ ಅಷ್ಟು ಹಳೇ ಯಂತ್ರಕ್ಕೆ ಗೊತ್ತಿಲ್ಲ.

ಅದನ್ನು ಹೊತ್ತು ಪಟ್ಟಣದ ಒಂದು ಅಂಗಡಿಗೆ ಒಯ್ದೆವು. ಅಂಗಡಿಯವನು ಐದು ನಿಮಿಷ ನೋಡಿ “ಫಾರ್ಮ್ಯಾಟ್ ಹೊಡೀತೀನಿ, ಒಳಗಿಂದು ಎಲ್ಲಾ ಹೋಗ್ತದ, ಆಗಬಹುದಾ?” ಅಂದ. ಫಾರ್ಮ್ಯಾಟ್ ಅಂದರೆ ಪಾಟಿ ಒರೆಸಿದ ಹಾಗೆ. ಪಾಟಿ ಮೇಲೆ ಬರೆದದ್ದು ಬೇಕು ಅಂತ ನಾವು ಹೋದರೆ ಅವನು ಪಾಟಿ ಸ್ವಚ್ಛ ಮಾಡಿಕೊಡುತ್ತೇನೆ ಅನ್ನುತ್ತಾನೆ. ಯಂತ್ರ ವಾಪಸ್ ತಂದೆವು.

ಇನ್ನೊಂದು ಕಡೆ, ಸಂಘದ ಮೇಲಿನ ಕೋಣೆಯಲ್ಲಿ ಮಕ್ಕಳಿಗೂ ಸದಸ್ಯರಿಗೂ ಉಪಯೋಗವಾಗಲಿ ಅಂತ ಮೂರು ಹಳೇ ಕಂಪ್ಯೂಟರ್ ತಂದಿಟ್ಟಿದ್ದೆವು. ಒಂದು ಕಚೇರಿಯವರು ಹರಾಜಿನಲ್ಲಿ ಮಾರಿದ ಮಾಲು. ಬೆಲೆ ಸೋವಿ, ಆದರೆ ಮನೆಗೆ ತಂದಮೇಲೆ ಗೊತ್ತಾಗಿದ್ದು ಏನಂದ್ರೆ, ಸಿ.ಡಿ. ಡ್ರೈವ್ ಇರಬೇಕಾದ ಜಾಗದಲ್ಲಿ ಬರೀ ಪ್ಲಾಸ್ಟಿಕ್ ಮುಚ್ಚಳ; ಪೆನ್‌ಡ್ರೈವ್ ಹಾಕುವ ತೂತುಗಳಿಗೆಲ್ಲಾ ಅಂಟು ಸುರಿದು ಮುಚ್ಚಿದ್ದಾರೆ. ಕಚೇರಿಯ ಕಾಗದಪತ್ರ ಯಾರೂ ಕದ್ದು ಒಯ್ಯಬಾರದು ಅಂತ ಹಾಗೆ ಮಾಡಿದ್ದರಂತೆ. ಕೀಬೋರ್ಡು ಮೌಸು ಹಳೇ ನಮೂನೆಯ ನೇರಳೆ, ಹಸಿರು ಬಣ್ಣದ ಗುಂಡು ತೂತಿಗೆ ಹಾಕುವಂಥವು. ಡಿಸ್ಕ್ ಪೂರಾ ಖಾಲಿ. ಹಚ್ಚಿದರೆ ಕರೀ ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್, ಅಷ್ಟೇ. ಕಣ್ಣಿದ್ದೂ ಕುರುಡು.

ಇಲ್ಲಿ ಒಬ್ಬರು ಕೇಳಬಹುದು: ಸರ್ಕಾರದವರೇ ಸಂಘಗಳಿಗೆ ಕಂಪ್ಯೂಟರ್ ಕೊಡ್ತಾರಲ್ಲ? ಕೊಡುತ್ತಾರೆ. 2022 ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿತು. ಆದರೆ ಅದು ಪಿಕೆಪಿಎಸ್‌ಗಳಿಗೆ. ನಮ್ಮದು ಬೀಜ, ಗೊಬ್ಬರಕ್ಕಾಗಿ ಸದಸ್ಯರೇ ಕೂಡಿ ಕಟ್ಟಿಕೊಂಡ ಸಂಘ. ಆ ಯೋಜನೆಯ ಯಂತ್ರ ನಮ್ಮ ಬಾಗಿಲಿಗೆ ಬರುವುದಿಲ್ಲ. 2025 ರಲ್ಲಿ ಮಳೆ ಹೆಚ್ಚಾಗಿ ಹೆಸರು, ಉದ್ದು ಹೊಲದಲ್ಲೇ ಹೋದದ್ದು ನಿಮಗೆ ಗೊತ್ತೇ ಇದೆ. ಆ ವರ್ಷ ಹೊಸ ಕಂಪ್ಯೂಟರಿಗೆ ಲಕ್ಷ ರೂಪಾಯಿ ತೆಗೀರಿ ಅಂತ ಸಭೆಯ ಮುಂದೆ ಹೇಳಲಿಕ್ಕೆ ನಮಗೆ ಬಾಯಿ ಬರಲಿಲ್ಲ.

ದೀಪಾವಳಿ ರಜೆಗೆ ನಮ್ಮೂರ ಒಬ್ಬ ಹುಡುಗಿ ಬಂದಿದ್ದಳು. ಭಾಲ್ಕಿಯಲ್ಲಿ ಕಂಪ್ಯೂಟರ್ ಓದುತ್ತಾಳೆ. ಹೆಸರು ಹೇಳಬೇಡಿ ಅಂದಿದ್ದಾಳೆ, ಹೇಳುವುದಿಲ್ಲ. ಯಂತ್ರದ ಹಿಂದುಗಡೆ ಬಗ್ಗಿ ನೋಡಿ “ಕಾಕಾ, ಎಲ್ಲಾ ಬಾಗಿಲಾ ಮುಚ್ಯಾರ ಖರೆ, ಒಂದು ಬಾಗಿಲಾ ಬಿಟ್ಟಾರ” ಅಂದಳು. ಬೆರಳಿಟ್ಟು ತೋರಿಸಿದ್ದು ನೆಟ್‌ವರ್ಕ್ ಕೇಬಲ್ ಹಾಕುವ ಚೌಕ ತೂತು. “ಸಿ.ಡಿ. ಬ್ಯಾಡ, ಪೆನ್‌ಡ್ರೈವ್ ಬ್ಯಾಡ. ಇದರಾಗಿಂದೇ ಆಪರೇಟಿಂಗ್ ಸಿಸ್ಟಮ್ ಒಳಗ ಕಳಸ್ತೀನಿ.” ನಮಗೆ ನಂಬಿಕೆ ಬರಲಿಲ್ಲ. ಡಿಸ್ಕ್ ಖಾಲಿ ಇರುವ ಯಂತ್ರಕ್ಕೆ ಬುದ್ಧಿಯೇ ಇಲ್ಲ. ಬುದ್ಧಿ ಇಲ್ಲದ್ದು ತಂತಿಯ ಆ ಕಡೆಯವರನ್ನು ಮಾತಾಡಿಸುವುದು ಹೇಗೆ?

ಅವಳು ತಿಳಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಆಪರೇಟಿಂಗ್ ಸಿಸ್ಟಮ್ ಅಂದರೆ ಯಂತ್ರದ ಮನೆಯೊಳಗಿನ ಯಜಮಾನಿಕೆ: ಯಾವ ಕೆಲಸ ಯಾವಾಗ, ಡಿಸ್ಕಿನ ಯಾವ ಖಾನೆಯಲ್ಲಿ ಏನಿದೆ, ಕೀಬೋರ್ಡ್ ಒತ್ತಿದರೆ ಯಾರಿಗೆ ಹೇಳಬೇಕು, ಎಲ್ಲಾ ನೋಡಿಕೊಳ್ಳುವುದು ಅದು. ವಿಂಡೋಸ್ ಒಂದು, ಲಿನಕ್ಸ್ ಇನ್ನೊಂದು. ಆ ಯಜಮಾನ ಇಲ್ಲದಿದ್ದರೂ ಯಂತ್ರದಲ್ಲಿ ಒಂದು ಸಣ್ಣ ಚಿಪ್ಪು ಇರುತ್ತದೆ. ಅದರಲ್ಲಿ ಕಾರ್ಖಾನೆಯವರೇ ಸ್ವಲ್ಪ ಬುದ್ಧಿ ಬರೆದಿಟ್ಟಿರುತ್ತಾರೆ. ಕರೆಂಟು ಬಂದ ಕೂಡಲೇ ಅದು ಡಿಸ್ಕಿನಲ್ಲಿ ನೋಡುತ್ತದೆ, ಸಿ.ಡಿ.ಯಲ್ಲಿ ನೋಡುತ್ತದೆ, ಅಲ್ಲೆಲ್ಲೂ ಯಜಮಾನ ಸಿಗದಿದ್ದರೆ ನೆಟ್‌ವರ್ಕ್ ತಂತಿಯ ಕಡೆ ತಿರುಗುತ್ತದೆ. ಈ ವಿದ್ಯೆಗೆ ಪಿ.ಎಕ್ಸ್.ಇ. ಅನ್ನುತ್ತಾರೆ. ಇಂಟೆಲ್ ಕಂಪನಿ 1990 ರ ದಶಕದ ಕೊನೆಯಲ್ಲಿ ಇದರ ನಿಯಮ ಬರೆಯಿತು, ಆಮೇಲೆ ಬಂದ ಕಚೇರಿ ಯಂತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ಹಚ್ಚಿದ ಕೂಡಲೇ ಎಫ್ 12 ಒತ್ತಿದರೆ ನಮ್ಮ ಮೂರೂ ಯಂತ್ರದಲ್ಲಿ ಆ ಪಟ್ಟಿ ಬಂತು. ಬೇರೆ ಕಂಪನಿಯ ಯಂತ್ರಕ್ಕೆ ಬೇರೆ ಕೀಲಿ ಇರಬಹುದು.

ಔರಾದ ಅಮರೇಶ್ವರ ಜಾತ್ರೆಯಲ್ಲಿ ಸಣ್ಣ ಹುಡುಗ ತಪ್ಪಿಸಿಕೊಂಡರೆ ಏನು ಮಾಡುತ್ತಾನೆ? ಅವನಿಗೆ ತನ್ನ ಹೆಸರು ಗೊತ್ತು, ಎಲ್ಲಿಗೆ ಹೋಗಬೇಕು ಅನ್ನೋದು ಗೊತ್ತಿಲ್ಲ. ನಡುವೆ ನಿಂತು ಒದರುತ್ತಾನೆ. ನೆಟ್‌ವರ್ಕ್ ಕಾರ್ಡಿನದೂ ಅದೇ ಗತಿ. ಪ್ರತಿ ಕಾರ್ಡಿಗೆ ಕಾರ್ಖಾನೆಯಲ್ಲೇ ಒಂದು ನಂಬರ್ ಹಚ್ಚಿರುತ್ತಾರೆ, ಹನ್ನೆರಡು ಅಕ್ಷರ ಅಂಕಿಗಳದ್ದು. “ನಾನು ಇಂಥ ನಂಬರಿನವ, ನನಗೊಂದು ವಿಳಾಸ ಕೊಡ್ರಿ, ನಾನು ಏನು ಓದಬೇಕು ಹೇಳ್ರಿ” ಅಂತ ಅದು ತಂತಿಯ ಮೇಲೆ ಎಲ್ಲರಿಗೂ ಕೇಳುವ ಹಾಗೆ ಒದರುತ್ತದೆ. ತಂತಿಯ ಇನ್ನೊಂದು ತುದಿಯಲ್ಲಿ ಹುಡುಗಿಯ ಲ್ಯಾಪ್‌ಟಾಪ್ ಕೂತಿದೆ. ಅದರಲ್ಲಿ ಡಿ.ಎಚ್.ಸಿ.ಪಿ. ಎಂಬ ಸೇವೆ ನಡೀತಿದೆ. ಅದು ಉತ್ತರ ಕೊಡುತ್ತದೆ: “ನಿನ್ನ ವಿಳಾಸ ಇದು, ನೀನು ಓದಬೇಕಾದ ಕಡತದ ಹೆಸರು ಇದು, ಆ ಕಡತ ನನ್ನ ಹತ್ತಿರವೇ ಇದೆ, ಬಾ.”

ಆಮೇಲೆ ಕಡತ ತರುವ ಕೆಲಸ. ಅದಕ್ಕೆ ಟಿ.ಎಫ್.ಟಿ.ಪಿ. ಎಂಬ ಹಳೇ ಪದ್ಧತಿ, 1981 ರಷ್ಟು ಹಿಂದೆಯೇ ಬರೆದದ್ದು. ಇದು ನಮಗೆ ಬಹಳ ಹಿಡಿಸಿತು, ಯಾಕಂದ್ರೆ ಥೇಟ್ ನಮ್ಮ ಹಮಾಲರ ಲೆಕ್ಕ. ಲಾರಿಯಿಂದ ಗೊಬ್ಬರದ ಚೀಲ ಇಳಿಸುವಾಗ ಒಬ್ಬ ಚೀಲ ಕೊಡುತ್ತಾನೆ, ಇನ್ನೊಬ್ಬ “ಹಾಂ, ಬಂತು” ಅಂದಮೇಲೆಯೇ ಮುಂದಿನ ಚೀಲ. ಹಳೇ ನಿಯಮದ ಪ್ರಕಾರ ಒಂದು ಚೀಲ ಅಂದರೆ 512 ಬೈಟು. 40 ಎಂ.ಬಿ. ಕಡತ ಇದ್ದರೆ 80,000 ಚೀಲ! ಈಗಿನವರು ದೊಡ್ಡ ಚೀಲ ಮಾಡಿಕೊಂಡಿದ್ದಾರೆ, ಆದರೆ “ಬಂತು” ಅನ್ನುವ ಪದ್ಧತಿ ಉಳಿದಿದೆ. ಒಂದು ಚೀಲ ದಾರಿಯಲ್ಲಿ ಬಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ, ಲೆಕ್ಕ ತಪ್ಪುವುದಿಲ್ಲ. ಹೀಗೆ ಲಿನಕ್ಸಿನ ಮೂಲ ಭಾಗ ಮತ್ತು ಅದನ್ನು ಸ್ಥಾಪಿಸುವ ಸಣ್ಣ ಕಾರ್ಯಕ್ರಮ, ಇವೆರಡೂ ಯಂತ್ರದ ಮೆಮರಿಗೆ ಬಂದು ಕೂರುತ್ತವೆ. ಅಲ್ಲಿಂದ ಮುಂದೆ ಯಂತ್ರಕ್ಕೆ ಬುದ್ಧಿ ಬಂದ ಹಾಗೆ. ಉಳಿದದ್ದನ್ನು ಅದೇ ಕೇಳಿ ತರಿಸಿಕೊಳ್ಳುತ್ತದೆ.

ಇದೇನೂ ಹೊಸ ಸಂಶೋಧನೆ ಅಲ್ಲ. ಡಿಸ್ಕು ಬಂಗಾರದ ಬೆಲೆ ಇದ್ದ 1980 ರ ದಶಕದಲ್ಲಿ ಅಮೆರಿಕದ ಸನ್ ಕಂಪನಿ ಡಿಸ್ಕೇ ಇಲ್ಲದ ಯಂತ್ರ ಮಾರುತ್ತಿತ್ತು. ಒಂದು ದೊಡ್ಡ ಯಂತ್ರದಲ್ಲಿ ಎಲ್ಲಾ ಇಟ್ಟು ಉಳಿದವು ತಂತಿಯ ಮೇಲೆ ಉಣ್ಣುತ್ತಿದ್ದವು. ವಿಂಡೋಸ್‌ನವರೂ 2000 ದ ಹೊತ್ತಿಗೆ ತಮ್ಮದನ್ನು ಹೀಗೆ ಸ್ಥಾಪಿಸುವ ಸೌಕರ್ಯ ಕೊಟ್ಟರು. ಆದರೆ ಅದಕ್ಕೆ ಅವರ ಸರ್ವರ್ ಬೇಕು, ಯಂತ್ರಕ್ಕೊಂದು ಲೈಸೆನ್ಸ್ ಬೇಕು. ಲಿನಕ್ಸಿಗೆ ಅದು ಬೇಕಿಲ್ಲ. ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991 ರಲ್ಲಿ ಶುರು ಮಾಡಿದ್ದು, ಆಮೇಲೆ ಜಗತ್ತಿನ ಸಾವಿರಾರು ಮಂದಿ ಕೈಗೂಡಿಸಿ ಬೆಳೆಸಿದರು. ಯಾರು ಬೇಕಾದರೂ ತಗೊಳ್ಳಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು. ನಾವು ಹಾಕಿಸಿದ್ದು ಅದರಲ್ಲಿ ಡೆಬಿಯನ್ ಎಂಬ ಬಗೆ, 2025 ರ ಆಗಸ್ಟ್‌ನಲ್ಲಿ ಬಂದ 13 ನೇ ಆವೃತ್ತಿ. ಹಾಕುವಾಗ ಭಾಷೆ ಯಾವುದು ಅಂತ ಕೇಳುವ ಪಟ್ಟಿಯಲ್ಲಿ ಕನ್ನಡವೂ ಇತ್ತು. ಕೂತಿದ್ದ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಎದ್ದು ಬಂದು ಅದನ್ನು ಓದಿ ಹೋಗಿ ಮತ್ತೆ ಕೂತರು.

ಈಗ ಕೆಲಸ ಹೇಗೆ ನಡೀತು ಅನ್ನೋದು. ಓದಿದಷ್ಟು ಸಲೀಸಾಗಿ ನಡೀಲಿಲ್ಲ.

ಮೊದಲ ಯಂತ್ರ ಹಚ್ಚಿದ ಕೂಡಲೇ ಪರದೆ ಮೇಲೆ ಪಿ.ಎಕ್ಸ್.ಇ. – ಇ 61 ಅಂತ ಬಂತು. ಆ ಸಂಖ್ಯೆಗಳಿಗೆ ಅರ್ಥ ಇದೆ, ಬರೆದುಕೊಂಡಿದ್ದೇವೆ. ಇ 61 ಅಂದರೆ ತಂತಿಯೇ ಮುಟ್ಟಿಲ್ಲ. ಇ 51 ಅಂದರೆ ತಂತಿ ಇದೆ, ಒದರಿದರೆ ವಿಳಾಸ ಕೊಡುವವರು ಯಾರೂ ಓಗೊಡಲಿಲ್ಲ. ಇ 53 ಅಂದರೆ ವಿಳಾಸ ಸಿಕ್ಕಿತು, ಯಾವ ಕಡತ ಓದಬೇಕು ಅಂತ ಯಾರೂ ಹೇಳಲಿಲ್ಲ. ನಾಳೆ ನಾವಿಲ್ಲದಾಗ ಯಾರಿಗಾದರೂ ಈ ಸಂಖ್ಯೆ ಕಂಡರೆ ಸುಮ್ಮನೆ ಹೆದರಿ ಬಂದ್ ಮಾಡಬೇಡಿ. ಗೋಡೆಗೆ ಹಚ್ಚಿದ ಕಾಗದ ನೋಡಿ. ನಮ್ಮ ಇ 61 ರ ಕಾರಣ ಹುಡುಕಲಿಕ್ಕೆ ಅರ್ಧ ತಾಸು ಹೋಯಿತು. ಗೋದಾಮಿನ ಗೋಡೆ ಗುಂಟ ಎಳೆದ ಕೇಬಲ್ಲನ್ನು ಇಲಿ ಕಡಿದಿತ್ತು. ಹೊರಗಿನ ನೀಲಿ ಸಿಪ್ಪೆ ಸರಿಯಾಗೇ ಕಾಣ್ತದೆ, ಒಳಗಿನ ಎಂಟು ಎಳೆಗಳಲ್ಲಿ ಎರಡು ತುಂಡು. ಹೊಸ ಕೇಬಲ್ ತಂದೆವು. ಈ ಕೇಬಲ್ ಒಂದು ಎಳೆತಕ್ಕೆ ನೂರು ಮೀಟರ್‌ವರೆಗೆ ನಡೆಯುತ್ತದಂತೆ, ನಮಗೆ ಬೇಕಾಗಿದ್ದು ಹತ್ತು ಮೀಟರ್.

ತಂತಿ ಸರಿಯಾದಮೇಲೆ ಇ 53. ಇದು ಸ್ವಲ್ಪ ನಾಜೂಕಿನ ವಿಷಯ. ಸಂಘದಲ್ಲಿ ಇಂಟರ್‌ನೆಟ್ಟಿನ ಪೆಟ್ಟಿಗೆ ಇದೆಯಲ್ಲ, ಅದೂ ವಿಳಾಸ ಹಂಚುತ್ತದೆ. ಯಂತ್ರ ಒದರಿದ ಕೂಡಲೇ ಲ್ಯಾಪ್‌ಟಾಪಿಗಿಂತ ಮೊದಲು ಆ ಪೆಟ್ಟಿಗೆಯೇ ಉತ್ತರ ಕೊಟ್ಟುಬಿಟ್ಟಿತು. ವಿಳಾಸ ಕೊಟ್ಟಿತು, ಕಡತದ ಸುದ್ದಿ ಅದಕ್ಕೆ ಗೊತ್ತಿಲ್ಲ. ಯೂರಿಯಾ ಪಾಳಿಯಲ್ಲಿ ಇಬ್ಬರು ನಿಂತು ಬೇರೆ ಬೇರೆ ಚೀಟಿ ಹಂಚಿದರೆ ಏನಾಗುತ್ತದೆ ಅನ್ನೋದು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ಒಂದು ಸಣ್ಣ ಸ್ವಿಚ್ ಪೆಟ್ಟಿಗೆ ತಂದು, ಅದಕ್ಕೆ ಲ್ಯಾಪ್‌ಟಾಪು ಮತ್ತು ಈ ಯಂತ್ರಗಳನ್ನು ಮಾತ್ರ ಜೋಡಿಸಿದೆವು. ಇಂಟರ್‌ನೆಟ್ಟಿನ ಪೆಟ್ಟಿಗೆ ಅದರಿಂದ ದೂರ. ಲ್ಯಾಪ್‌ಟಾಪು ಮೊಬೈಲಿನಿಂದ ಇಂಟರ್‌ನೆಟ್ ತಗೊಂಡು ತಂತಿಯಲ್ಲಿ ಹಂಚಿತು. ಆಗ ಪರದೆ ಮೇಲೆ ಚುಕ್ಕಿ ಚುಕ್ಕಿ ಓಡಲಿಕ್ಕೆ ಶುರುವಾಯಿತು, ಚೀಲ ಇಳಿಯುತ್ತಿದ್ದವು.

ಮುಂದೆ ಗಡಿಯಾರದ ತಕರಾರು. ಯಂತ್ರದೊಳಗೆ ಬಿಲ್ಲೆಯಂಥ ಒಂದು ಸೆಲ್ಲು ಇರುತ್ತದೆ. ಅದು ಸತ್ತಿತ್ತು. ಯಂತ್ರ ತಾನು ಹತ್ತು ಹದಿನೈದು ವರ್ಷ ಹಿಂದೆ ಇದ್ದೇನೆ ಅಂತ ತಿಳಕೊಂಡಿತ್ತು. 2025 ರಲ್ಲಿ ಸಹಿ ಮಾಡಿದ ಕಡತ ಬಂದರೆ “ಇನ್ನೂ ಈ ತಾರೀಖು ಬಂದೇ ಇಲ್ಲ, ಇದು ಖೊಟ್ಟಿ” ಅಂತ ತಿರಸ್ಕಾರ ಮಾಡುತ್ತಿತ್ತು. ಅದರ ಪ್ರಕಾರ ಅದು ಮಾಡಿದ್ದು ಸರಿಯೇ. ಮುಂದಿನ ತಾರೀಖಿನ ಚೆಕ್ ನಮ್ಮ ಬ್ಯಾಂಕಿನವರೂ ತಗೊಳ್ಳುವುದಿಲ್ಲ. ಮೂರು ಸೆಲ್ಲು ತಂದು ಹಾಕಿ ಗಡಿಯಾರ ಸರಿ ಮಾಡಿದಮೇಲೆ ಒಪ್ಪಿತು.

ಮೊದಲ ಯಂತ್ರಕ್ಕೆ ಮಧ್ಯಾಹ್ನ ಪೂರಾ ಹಿಡೀತು. ಬೇಕಾದ ಸಾಮಾನೆಲ್ಲ ಇಂಟರ್‌ನೆಟ್ಟಿನಿಂದ ಬರಬೇಕು, ನಮ್ಮ ಕಡೆ ಸಿಗ್ನಲ್ಲಿನ ಹಣೆಬರಹ ನಿಮಗೆ ಗೊತ್ತು. ಮೊಬೈಲನ್ನು ಮಾಳಿಗೆಯ ಕಿಟಕಿಯಲ್ಲಿ ಕಟ್ಟಿ ಇಟ್ಟಿದ್ದೆವು. ಆದರೆ ಹುಡುಗಿ ಒಂದು ಜಾಣತನ ಮಾಡಿದ್ದಳು. ಬಂದ ಸಾಮಾನನ್ನೆಲ್ಲ ಲ್ಯಾಪ್‌ಟಾಪು ತನ್ನಲ್ಲೂ ಒಂದು ಪ್ರತಿ ಇಟ್ಟುಕೊಳ್ಳುವ ಹಾಗೆ ಮಾಡಿದ್ದಳು, ಕಣಜದಲ್ಲಿ ಕಾಳು ತುಂಬಿದ ಹಾಗೆ. ಎರಡನೇ ಯಂತ್ರಕ್ಕೆ ಇಂಟರ್‌ನೆಟ್ ಹೆಚ್ಚುಕಡಿಮೆ ಬೇಕೇ ಆಗಲಿಲ್ಲ. ಅದರ ಅರ್ಧ ಕೆಲಸ ಆಗಿತ್ತು, ಕರೆಂಟು ಹೋಯಿತು. ಲ್ಯಾಪ್‌ಟಾಪು ಬ್ಯಾಟರಿ ಮೇಲೆ ಉಳಿಯಿತು, ಯಂತ್ರ ಸತ್ತಿತು. ನಮ್ಮ ಎದೆ ಧಸಕ್ ಅಂತು. ಕರೆಂಟು ಬಂದಮೇಲೆ ಅವಳು ಮತ್ತೆ ಎಫ್ 12 ಒತ್ತಿದಳು, ಮೊದಲಿನಿಂದ ಶುರು ಮಾಡಿದಳು, ಮುಕ್ಕಾಲು ತಾಸಿನಲ್ಲಿ ಮುಗೀತು. ಮೂರನೆಯದಕ್ಕೆ ಭಾಷೆ ಯಾವುದು, ಊರು ಯಾವುದು, ಡಿಸ್ಕ್ ಹೇಗೆ ಪಾಲು ಮಾಡಲಿ ಅನ್ನುವ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ಒಂದು ಕಡತದಲ್ಲಿ ಬರೆದಿಟ್ಟಿದ್ದಳು. ಯಂತ್ರ ಹಚ್ಚಿ ನಾವು ಚಾ ಕುಡಿಯಲಿಕ್ಕೆ ಹೋದೆವು.

ಕೊನೆಗೆ ಮೂರರಲ್ಲೂ ನೆಟ್‌ವರ್ಕಿನಿಂದ ಶುರುವಾಗುವುದನ್ನು ಬಂದ್ ಮಾಡಿದಳು. “ಯಾಕ, ಇಷ್ಟು ಛಲೋ ಬಾಗಿಲಾ ಅದ” ಅಂದೆವು. “ಕಾಕಾ, ಇದಕ್ಕ ಕೀಲಿ ಇಲ್ಲ. ತಂತಿ ಮ್ಯಾಗ ಯಾರು ಮೊದಲ ಉತ್ತರ ಕೊಡ್ತಾರೋ ಅವರ ಮಾತೇ ಇದು ಕೇಳ್ತದ. ನಾಳಿ ಕೆಟ್ಟ ಮನಸಿನವ ಒಬ್ಬ ಬಂದು ಕೂತರ?” ಅಂದಳು. ಹರೇದ ಹುಡುಗರು ಇಷ್ಟು ಹುಷಾರಿರೋದು ನೋಡಿ ಸಮಾಧಾನ ಆಯಿತು.

ಇನ್ನು ಆ 2005 ರ ಯಂತ್ರ. ಅದೇ ನಮಗೆ ಮುಖ್ಯ ಇದ್ದದ್ದು. ಇದರ ಮೇಲೆ ಏನೂ ಸ್ಥಾಪನೆ ಮಾಡುವ ಹಾಗಿಲ್ಲ. ಸ್ಥಾಪನೆ ಅಂದರೆ ಡಿಸ್ಕಿನ ಮೇಲೆ ಬರೆಯೋದು. ಬರೆದರೆ ಹೆಸರುಗಳು ಹೋದವು. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಬಹುದಲ್ಲ ಅಂತ ಒಬ್ಬರು ಕೇಳಿದರು, ಕೇಳಬೇಕಾದ ಮಾತೇ. ಆದರೆ ಅದು ಅಗಲ ಪಟ್ಟಿ ಕೇಬಲ್ಲಿನ ಹಳೇ ನಮೂನೆ, ಈಗಿನ ಯಂತ್ರಗಳಿಗೆ ಕೂಡುವುದಿಲ್ಲ, ಕೂಡಿಸುವ ಸಾಮಾನು ಇಲ್ಲೆಲ್ಲೂ ಸಿಗಲಿಲ್ಲ. ಮೇಲಾಗಿ ಅಷ್ಟು ವರ್ಷ ಗೋದಾಮಿನಲ್ಲಿ ಬಿದ್ದ ಡಿಸ್ಕನ್ನು ಬಿಚ್ಚಿ ಅಲುಗಾಡಿಸುವುದು ಬೇಡ ಅನ್ನಿಸಿತು.

ಅದಕ್ಕೆ ಮಾಡಿದ ಉಪಾಯ ಹೀಗೆ. ನೆಟ್‌ವರ್ಕಿನಿಂದಲೇ ಯಂತ್ರ ಶುರು ಮಾಡುವುದು, ಆದರೆ ಯಜಮಾನನನ್ನು ಅದರೊಳಗೆ ಕರೆದು ಕೂರಿಸುವುದಿಲ್ಲ. ಅವನು ಲ್ಯಾಪ್‌ಟಾಪಿನಲ್ಲೇ ಇರುತ್ತಾನೆ, ಯಂತ್ರ ಬೇಕಾದ ಪುಟ ಬೇಕಾದಾಗ ತಂತಿಯ ಮೇಲಿಂದ ಓದಿಕೊಳ್ಳುತ್ತದೆ. ಹಿಂದೆ ಹೇಳಿದ ಸನ್ ಕಂಪನಿಯ ಡಿಸ್ಕಿಲ್ಲದ ಯಂತ್ರಗಳ ಪದ್ಧತಿಯೇ ಇದು. ಅದಕ್ಕೆ ತೈವಾನ್ ದೇಶದವರು ಮಾಡಿದ ಕ್ಲೋನ್‌ಜಿಲ್ಲಾ ಎಂಬ ಸಾಧನ ಬಳಸಿದಳು, ಅದೂ ಲಿನಕ್ಸಿನ ಮೇಲೆ ನಡೆಯುವಂಥದ್ದು. ಅದು ಡಿಸ್ಕಿನ ಪಡಿಯಚ್ಚು ತೆಗೆದು ತಂತಿಯಲ್ಲಿ ಈ ಕಡೆ ಕಳಿಸುತ್ತದೆ. ಡಿಸ್ಕಿನಿಂದ ಓದುವುದು ಮಾತ್ರ. ಅದರ ಮೇಲೆ ಒಂದು ಅಕ್ಷರ ಬರೆಯುವುದಿಲ್ಲ. ಆ ಸಂಜೆ ಕಾರ್ಯದರ್ಶಿಗಳು, ನಾವು, ಇನ್ನಿಬ್ಬರು ನಿರ್ದೇಶಕರು ಕೂತಿದ್ದೆವು. ಡಿಸ್ಕು ಒಳಗೆ ಕಿರ್ರ್ ಕಿರ್ರ್ ಅನ್ನುತ್ತಿತ್ತು. ನಡುವೆ ಎರಡು ಕಡೆ ಓದಲಿಕ್ಕೆ ಬರಲಿಲ್ಲ ಅಂತ ಸುದ್ದಿ ಬಂತು. ಅದನ್ನು ದಾಟಿ ಮುಂದೆ ಹೋಗು ಅಂತ ಅವಳು ಹೇಳಿದಳು. ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಮುಗೀತು. ಪಡಿಯಚ್ಚಿನ ಪ್ರತಿಯನ್ನು ಎರಡು ಬೇರೆ ಡಿಸ್ಕಿಗೆ ಹಾಕಿದಮೇಲೆಯೇ ಅದನ್ನು ತೆರೆದು ನೋಡಿದ್ದು.

ಷೇರು ಖಾತೆ ಅಂತ ಕಡತ ಇತ್ತು. ತೆರೆದರೆ ಅಂಕಿ ಸರಿಯಾಗಿದ್ದವು, ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ, ಓದಿದರೆ ಅರ್ಥವಿಲ್ಲದ್ದು. ಒಬ್ಬ ನಿರ್ದೇಶಕರು ಎದ್ದೇ ಬಿಟ್ಟರು, “ಮುಗೀತು, ಒರಲಿ ಇದಕ್ಕೂ ಹತ್ಯಾದ” ಅಂತ. ಹುಡುಗಿ ನಕ್ಕಳು. ಹೆಸರುಗಳನ್ನು ಆಗ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಕನ್ನಡ ಗಣಕ ಪರಿಷತ್ತಿನವರು ಮಾಡಿದ ನುಡಿಯಿಂದಲೇ ನಮ್ಮ ರಾಜ್ಯದ ಕಚೇರಿಗಳಲ್ಲಿ ಕನ್ನಡ ನಡೆದದ್ದು, ಅದರ ಉಪಕಾರ ದೊಡ್ಡದು. ಆದರೆ ಆ ಹಳೇ ಪದ್ಧತಿಯಲ್ಲಿ ಒಳಗೆ ಇಂಗ್ಲಿಷಿನ ಸಂಕೇತ ಇಟ್ಟು, ಮೇಲೆ ಕನ್ನಡದ ಅಕ್ಷರರೂಪ ತೊಡಿಸುತ್ತಿದ್ದರು. ಆ ಅಕ್ಷರರೂಪ ಇಲ್ಲದ ಯಂತ್ರದಲ್ಲಿ ಒಳಗಿನ ಇಂಗ್ಲಿಷೇ ಕಾಣುತ್ತದೆ. ಈಗ ಯೂನಿಕೋಡ್ ಬಂದಿದೆ, ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿನ ಎಲ್ಲಾ ಯಂತ್ರಕ್ಕೂ ಒಂದೇ ಸಂಕೇತ. ಹಳೇದನ್ನು ಹೊಸದಕ್ಕೆ ಬದಲಾಯಿಸುವ ಕಾರ್ಯಕ್ರಮ ಇದೆ. ಅದಕ್ಕೆ ಕೊಟ್ಟಳು. ಪರದೆ ಮೇಲೆ ಒಂದೊಂದೇ ಸಾಲು ಕನ್ನಡ ಆಯಿತು. ಊರು, ಹೆಸರು, ತಂದೆಯ ಹೆಸರು, ಷೇರಿನ ಸಂಖ್ಯೆ, ರೊಕ್ಕ, ತಾರೀಖು. ಕಾರ್ಯದರ್ಶಿಗಳು ಗಟ್ಟಿಯಾಗಿ ಓದುತ್ತಾ ಹೋದರು. ಅದರಲ್ಲಿ ನಮ್ಮ ನಡುವೆ ಇಲ್ಲದವರ ಹೆಸರು ಬಂದಾಗೊಮ್ಮೆ ನಿಂತು, ಮತ್ತೆ ಓದುತ್ತಿದ್ದರು.

ಬದಲಾಯಿಸುವಾಗ ಕೆಲವು ಒತ್ತಕ್ಷರ ತಪ್ಪಾಗಿವೆ, ಅರ್ಕಾವತ್ತು ಅಲ್ಲಲ್ಲಿ ಹಿಂದೆ ಮುಂದೆ ಆಗಿದೆ. ಎರಡು ಕಡೆ ಡಿಸ್ಕ್ ಓದಲು ಬರಲಿಲ್ಲ ಅಂದೆವಲ್ಲ, ಅದರಿಂದ ಷೇರು ಖಾತೆಗೆ ಧಕ್ಕೆ ಆಗಿಲ್ಲ. ಹಾಳಾದದ್ದು ಬೇರೆ ಕಡತ. ಆದರೂ ಕಂಪ್ಯೂಟರಿನಲ್ಲಿ ಇದೆ ಅಂದಮಾತ್ರಕ್ಕೆ ಖರೆ ಅಂತ ಮಂಡಳಿ ಒಪ್ಪಿಲ್ಲ. ಆಗ ಟೈಪ್ ಮಾಡಿದವರೂ ಮನುಷ್ಯರೇ. ಆದ್ದರಿಂದ ಒರಲಿ ಉಳಿಸಿದ ಪುಟಗಳ ಜೊತೆ, ಹಳೇ ಠರಾವು ಪುಸ್ತಕದ ಜೊತೆ, ಸದಸ್ಯರ ರಸೀದಿಗಳ ಜೊತೆ ತಾಳೆ ನೋಡುವ ಕೆಲಸ ನಡೆದಿದೆ.

ಈಗ ಸಭೆಯ ಮುಂದಿರುವ ವಿಷಯ. ಕೆಲವು ಸದಸ್ಯರು ಕಚೇರಿಯ ಲೆಕ್ಕದ ಕಂಪ್ಯೂಟರನ್ನೂ ಇದೇ ರೀತಿ ಲಿನಕ್ಸಿಗೆ ಬದಲಿಸಿ ಅನ್ನುತ್ತಾರೆ. ಅದರಲ್ಲಿರುವುದು ವಿಂಡೋಸ್ 10. ಅದಕ್ಕೆ ಕಂಪನಿ ಉಚಿತವಾಗಿ ಕೊಡುತ್ತಿದ್ದ ರಕ್ಷಣೆಯ ತಿದ್ದುಪಡಿಗಳು 2025 ರ ಅಕ್ಟೋಬರ್ 14 ಕ್ಕೆ ನಿಂತವು. ಹೊಸ ವಿಂಡೋಸ್ 11 ಆ ಯಂತ್ರಕ್ಕೆ ಕೂಡುವುದಿಲ್ಲ. ಅವರ ಮಾತಿನಲ್ಲಿ ನ್ಯಾಯ ಇದೆ. ಕೇರಳದ ಶಾಲೆಗಳಲ್ಲಿ, ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಓದುವ ಕಾಸರಗೋಡಿನ ಶಾಲೆಗಳೂ ಸೇರಿ, ವರ್ಷಾನುಗಟ್ಟಲೆಯಿಂದ ಲಿನಕ್ಸೇ ನಡೀತಿದೆ. 2019 ರಲ್ಲಿ ಅಲ್ಲಿಯ ಸರ್ಕಾರಿ ಸಂಸ್ಥೆ ಕೈಟ್ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರಿಗೆ ಹೊಸ ಆವೃತ್ತಿ ಕೊಟ್ಟಿತು. ಆದರೆ ನಮ್ಮ ಲೆಕ್ಕದ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದ್ದು. ಮಾರ್ಚ್ ಲೆಕ್ಕ ಮುಗಿದು ಆಡಿಟ್ ಆಗುವವರೆಗೆ ಅದನ್ನು ಮುಟ್ಟಬಾರದು ಅನ್ನೋದು ನಮ್ಮ ಅಭಿಪ್ರಾಯ. ಅಲ್ಲಿವರೆಗೆ ಅದಕ್ಕೆ ಇಂಟರ್‌ನೆಟ್ ಜೋಡಿಸುವುದಿಲ್ಲ, ಅದರಲ್ಲಿ ಯಾರ ಪೆನ್‌ಡ್ರೈವೂ ಹಾಕುವುದಿಲ್ಲ. ಬೇರೆ ನಿರ್ದೇಶಕರಿಗೆ ಬೇರೆ ಅಭಿಪ್ರಾಯ ಇದೆ, ಅವರೂ ಮಾತಾಡುತ್ತಾರೆ, ಕೇಳಿ ನೀವು ತೀರ್ಮಾನ ಕೊಡಿ.

ಇನ್ನು ಕೆಲವರು ಬೆಳ್ಳಿಹಬ್ಬದ ನಿಧಿಯಿಂದ ನಾಲ್ಕೂ ಹೊಸ ಯಂತ್ರ ತರೋಣ ಅನ್ನುತ್ತಾರೆ. ಈ ಮೂರಕ್ಕೆ ಸ್ವಿಚ್ಚು, ಕೇಬಲ್ಲು, ಸೆಲ್ಲು ಎಲ್ಲಾ ಸೇರಿ ಆದ ಖರ್ಚು ಎರಡು ಸಾವಿರ ರೂಪಾಯಿ ಒಳಗೇ ಇದೆ, ರಸೀದಿ ಫೈಲಿನಲ್ಲಿದೆ. ಮಕ್ಕಳು ಸಂಜೆ ಬಂದು ಕನ್ನಡ ಟೈಪಿಂಗ್ ಕಲೀತಾರೆ, ಪಹಣಿ ನೋಡಿಕೊಳ್ಳುವವರು ನೋಡಿಕೊಳ್ಳುತ್ತಾರೆ, ಬೆಲೆ ನೋಡುವವರು ನೋಡುತ್ತಾರೆ. ನಿಧಾನ, ಅದು ಖರೆ, ಎರಡು ಜಿ.ಬಿ. ಮೆಮರಿಯ ಯಂತ್ರ ವಿಡಿಯೋ ನೋಡಲಿಕ್ಕೆ ಆಗುವಂಥದ್ದಲ್ಲ. ನಿಧಿಯನ್ನು ಗೋದಾಮಿನ ಒರಲಿ ಔಷಧಿಗೆ, ಕಬ್ಬಿಣದ ಕಪಾಟಿಗೆ ಮೊದಲು ಹಾಕಿ ಅನ್ನೋದು ನಮ್ಮ ಮಾತು.

2005 ರ ಯಂತ್ರವನ್ನು ಮತ್ತೆ ಬಳಸುವುದಿಲ್ಲ. ಅದು ಹಳೇ 32 ಬಿಟ್ ನಮೂನೆ, ಡೆಬಿಯನ್ನಿನ 13 ನೇ ಆವೃತ್ತಿಯೂ ಅಂಥದಕ್ಕೆ ಸ್ಥಾಪನೆ ಕೊಡುವುದನ್ನು ಬಿಟ್ಟಿದೆ. ಡಿಸ್ಕನ್ನು ಮಾತ್ರ ಬಿಚ್ಚಿ, ಮೊಹರು ಮಾಡಿ, ತಾಳೆ ಮುಗಿಯುವವರೆಗೆ ತಿಜೋರಿಯಲ್ಲಿ ಇಟ್ಟಿದ್ದೇವೆ.

ಸೋಮವಾರದಿಂದ ಯಾದಿಯ ಕರಡು ಪ್ರತಿ ಊರುವಾರು ಮಾಡಿ ಕಚೇರಿಯ ವರಾಂಡದಲ್ಲಿ ಹಚ್ಚುತ್ತೇವೆ. ನಿಮ್ಮ ಹೆಸರು, ತಂದೆಯ ಹೆಸರು, ಷೇರಿನ ರೊಕ್ಕ ನೋಡಿಕೊಳ್ಳಿ. ಓದಲಿಕ್ಕೆ ಬಾರದವರು ಮಕ್ಕಳನ್ನು ಕರಕೊಂಡು ಬನ್ನಿ, ಇಲ್ಲದಿದ್ದರೆ ನಾವೇ ಓದಿ ಹೇಳುತ್ತೇವೆ. ತೀರಿಕೊಂಡವರ ವಾರಸುದಾರರು ರೇಶನ್ ಕಾರ್ಡಿನ ಪ್ರತಿ ತರಬೇಕು. ರಸೀದಿ ಇದ್ದವರು ಅದನ್ನೂ ತನ್ನಿ, ಹರಿದಿದ್ದರೂ ಅಡ್ಡಿಯಿಲ್ಲ. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ಅಲ್ಲೇ ಗುರುತು ಹಾಕಬೇಡಿ, ಪಕ್ಕದಲ್ಲಿ ಇಟ್ಟ ಪುಸ್ತಕದಲ್ಲಿ ಬರೆಯಿರಿ. ಒಂದು ತಿಂಗಳು ಯಾದಿ ಅಲ್ಲೇ ಇರುತ್ತದೆ.